ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ಮಾದಕ ವಸ್ತು ಜಾಗೃತಿ ಪಾಠ: ಪ್ರೊಜೆಕ್ಟರ್ ಹಚ್ಚುವ ಮೊದಲು ಇದನ್ನು ಓದಿ

ಜೂನ್ 26 ಹತ್ತಿರ ಬಂತು ಅಂದ್ರೆ ಸಾಕು, ಜೂನಿಯರ್‌ಗಳ ಮೆಸೇಜ್ ಶುರುವಾಗುತ್ತದೆ. ‘ಡ್ರಗ್ಸ್ ಜಾಗೃತಿ ಪಾಠಕ್ಕೆ ಪಿಪಿಟಿ ಇದ್ರೆ ಕಳಿಸ್ರಿ, ನಾಳೆನೇ ಅದ.’ ಅವತ್ತು ಮಾದಕ ವಸ್ತು ವಿರೋಧಿ ದಿನ. ಇಂಟರ್ನ್‌ಶಿಪ್ ಶಾಲೆಯಲ್ಲಿ ‘ಹೊಸದಾಗಿ ಬಂದವರು ಏನಾದ್ರೂ ಮಾಡ್ಲಿ’ ಅಂತ ಆ ಕೆಲಸ ಪ್ರಶಿಕ್ಷಣಾರ್ಥಿಗಳ ಹೆಗಲಿಗೇ ಬೀಳುತ್ತದೆ. ಸ್ಮಾರ್ಟ್ ಬೋರ್ಡ್ ಕೂಡ ಇದೆ, ಬಳಸಿ ಅಂತ ಬೇರೆ ಹೇಳಿರುತ್ತಾರೆ.

ನಾನು ಪಿಪಿಟಿ ಕಳಿಸುವುದಿಲ್ಲ. ನನ್ನದು ಕಲಬುರಗಿ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಮಾಡಿದ್ದು. ಔರಾದ್‌ನಲ್ಲೋ ಗುರುಮಠಕಲ್‌ನಲ್ಲೋ ಅದೇ ಚಿತ್ರ, ಅದೇ ಮಾತು ನಡೆಯಲ್ಲ. ಅದರ ಬದಲು, ಪಾಠವನ್ನು ಹೇಗೆ ಕಟ್ಟಬೇಕು ಅನ್ನೋದನ್ನು ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ. 8ರಿಂದ 10ನೇ ತರಗತಿಗೆ ಇದು ಹೊಂದುತ್ತದೆ.

ಮೊದಲೇ ಒಂದು ಮಾತು. ಒಂದು ಪೀರಿಯಡ್‌ನಲ್ಲಿ ಮುಗಿಸಬೇಕು ಅಂತಿದ್ದರೆ ಈ ಲೇಖನ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ತಡೆಗಟ್ಟುವಿಕೆಯ ಮಾನದಂಡಗಳನ್ನು ಪರಿಷ್ಕರಿಸಿದವು. ಶಾಲೆಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡಲ್ಲ ಅಂತ ಅದರಲ್ಲಿ ನೇರವಾಗಿ ಹೇಳಿದ್ದಾರೆ. ಬರೀ ಭಾಷಣ, ಬರೀ ಮಾಹಿತಿ, ಹೆದರಿಸುವುದು, ವ್ಯಸನ ಬಿಟ್ಟವರನ್ನು ಕರೆಸಿ ಕಥೆ ಹೇಳಿಸುವುದು, ಪೊಲೀಸರಿಂದ ಪಾಠ ಮಾಡಿಸುವುದು: ಇವೆಲ್ಲ ಕೆಲಸ ಮಾಡದ ಪಟ್ಟಿಯಲ್ಲಿವೆ. ವಾರಕ್ಕೊಂದರಂತೆ 10ರಿಂದ 15 ತರಗತಿ, ಮಕ್ಕಳೇ ಮಾತಾಡುವ, ಮಾಡಿ ನೋಡುವ ಚಟುವಟಿಕೆ ಕೆಲಸ ಮಾಡುವ ಪಟ್ಟಿಯಲ್ಲಿವೆ. ನಮ್ಮಲ್ಲಿ ಆಗೋದು ಪೂರ್ತಿ ಉಲ್ಟಾ. ಪಿಎಸ್‌ಐ ಸಾಹೇಬ್ರು ಬರ್ತಾರೆ, ಪ್ರಮಾಣವಚನ ಆಗುತ್ತೆ, ಬ್ಯಾನರ್ ಮುಂದೆ ಫೋಟೋ ಆಗುತ್ತೆ, ಮುಗೀತು. ಅಮೆರಿಕದವರು 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರಿಂದಲೇ ಪಾಠ ಮಾಡಿಸುವ ಡೇರ್ ಅನ್ನೋ ಕಾರ್ಯಕ್ರಮ ಶುರು ಮಾಡಿ ದೇಶ ತುಂಬ ಹರಡಿದರು. ಆಮೇಲೆ ಅಧ್ಯಯನ ಮಾಡಿ ನೋಡಿದರೆ ಮಕ್ಕಳ ಅಭ್ಯಾಸದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ.

ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ ಇರುತ್ತದೆ. 15 ತರಗತಿ ಕೇಳಿದರೆ ಯಾರೂ ಕೊಡಲ್ಲ. ನಾಲ್ಕು ಕೇಳಿ. ಆಟದ ಪೀರಿಯಡ್ ಬೇಡ, ಮಕ್ಕಳು ಸಿಟ್ಟಾಗ್ತಾರೆ. ಮಾರ್ಗದರ್ಶಕ ಶಿಕ್ಷಕರ ವಿಜ್ಞಾನದ ಪೀರಿಯಡ್ ಅಥವಾ ಶನಿವಾರ ಬೆಳಗಿನ ಕೊನೇ ಪೀರಿಯಡ್ ಕೇಳಿ ನೋಡಿ.

ಏನೇನು ಬೇಕು

ಒಂದು ರಟ್ಟಿನ ಡಬ್ಬ, ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳು, ನಿಮ್ಮ ಫೋನ್, ಪೆನ್‌ಡ್ರೈವ್, ಎಚ್‌ಡಿಎಂಐ ಕೇಬಲ್ (ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಚಿತ್ರ, ಧ್ವನಿ ಒಯ್ಯುವ ಅಗಲ ಮೂತಿಯ ವಯರ್), ಒಂದು ಸಣ್ಣ ಸ್ಪೀಕರ್. ಶಾಲೆಯ ಸ್ಪೀಕರ್ ನಂಬಬೇಡಿ. ಪ್ರೊಜೆಕ್ಟರ್ ಇಲ್ಲದ ಶಾಲೆಯಾದರೆ ಚಾರ್ಟ್ ಪೇಪರ್ ಸಾಕು. ಮುಂದೆ ಹೇಳುವ ಮುಕ್ಕಾಲು ಪಾಲು ಕೆಲಸಕ್ಕೆ ಕರೆಂಟೇ ಬೇಡ.

ಹಂತ 1: ಯಾರಿಗೆ ಹೇಳಬೇಕು ಅಂತ ಮೊದಲೇ ಕೇಳಿಕೊಳ್ಳಿ

ಅನುಮತಿ ಅಂದ್ರೆ ಬರೀ ಪೀರಿಯಡ್ ಕೇಳೋದಲ್ಲ. ಮುಖ್ಯಗುರುಗಳ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ಒಂದು: ‘ಸರ್, ಯಾವುದಾದ್ರೂ ಮಗು ತನ್ನ ಬಗ್ಗೆಯೋ ಮನೆಯ ಬಗ್ಗೆಯೋ ಏನಾದ್ರೂ ಹೇಳಿದ್ರೆ ನಾನು ಯಾರಿಗೆ ಹೇಳ್ಬೇಕು?’ ಎರಡು: ‘ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ ರಾಯಭಾರಿ ಶಿಕ್ಷಕರು ನಮ್ಮಲ್ಲಿ ಯಾರು?’ ಈ ಕಾರ್ಯಕ್ರಮದ ಪ್ರಕಾರ ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಅದರ 11 ವಿಷಯಗಳಲ್ಲಿ ಮಾದಕ ವಸ್ತು ತಡೆಯೂ ಒಂದು. ಅಂದ್ರೆ ನಿಮ್ಮ ಶಾಲೆಯಲ್ಲೇ ಈ ವಿಷಯ ಗೊತ್ತಿರುವವರು ಇರಬಹುದು. ಅವರ ಜೊತೆ ಸೇರಿ ಮಾಡಿದರೆ ನೀವು ಹೋದ ಮೇಲೂ ಕೆಲಸ ನಿಲ್ಲಲ್ಲ.

ಎಷ್ಟೋ ಜನ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಯಾವುದೋ ಮಗು ಅಳುತ್ತಾ ಬಂದು ನಿಂತಾಗ ಕೈಕಾಲು ಆಡಲ್ಲ.

ಹಂತ 2: ನಿಮ್ಮೂರಿನಲ್ಲಿ ಏನಿದೆ, ಅದನ್ನು ನೋಡಿ

ಇಂಟರ್ನೆಟ್‌ನಲ್ಲಿ ಸಿಗುವ ಪಿಪಿಟಿ ತುಂಬ ಕೊಕೇನ್, ಹೆರಾಯಿನ್, ಸಿರಿಂಜ್. ಜೇವರ್ಗಿಯ ಎಂಟನೇ ಕ್ಲಾಸ್ ಹುಡುಗನಿಗೆ ಅದು ಸಿನಿಮಾ. ಅವನ ಕೈಗೆ ಸಿಗೋದು ಬೇರೆ.

ಶಾಲೆ ಬಿಟ್ಟ ಮೇಲೆ ಗೇಟಿನಿಂದ ಬಸ್‌ಸ್ಟ್ಯಾಂಡ್ ತನಕ ಸುಮ್ನೆ ನಡೆದು ನೋಡಿ. ಪಾನ್ ಡಬ್ಬಿಯ ಮುಂದೆ ಮಾಲೆ ಮಾಲೆ ಪಾಕೀಟು ತೂಗಾಡುತ್ತಿರುತ್ತದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ, ಹಾಗಾದ್ರೆ ಇದೇನು? ಹತ್ತಿರ ಹೋಗಿ ನೋಡಿ: ಪಾನ್ ಮಸಾಲಾ ಒಂದು ಪಾಕೀಟು, ಅದರ ಪಕ್ಕ ಅದೇ ಬಣ್ಣದ ಸಣ್ಣ ತಂಬಾಕಿನ ಪಾಕೀಟು. ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸಿದರೆ ಗುಟ್ಕಾ. ಇದನ್ನು ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು. ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕಟ್ಟಿಟ್ಟ ಮಾವಾ ಇರುತ್ತದೆ. ಅಡಿಕೆ ಚೂರು, ತಂಬಾಕು, ಸುಣ್ಣ ಸೇರಿದ್ದು. ‘ಬರೀ ಅಡಿಕಿ ರೀ, ತಂಬಾಕು ಇಲ್ಲ’ ಅನ್ನೋ ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ.

ಇನ್ನೊಂದು, ಪಂಕ್ಚರ್ ಹಾಕುವ ಸಲ್ಯೂಷನ್ ಮತ್ತು ವೈಟ್ನರ್. ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ಏಕೈಕ ವಸ್ತು ಇದು, ಮೂಸುವ ಪದಾರ್ಥ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ನೀವು ಇದರ ಬಗ್ಗೆ ತಿಳಿದಿರಬೇಕು. ಆದರೆ ಕ್ಲಾಸಿನಲ್ಲಿ ಹೇಗೆ ಮೂಸುತ್ತಾರೆ ಅಂತ ವಿವರಿಸಬೇಡಿ. ಮಕ್ಕಳೇ ಪ್ರಶ್ನೆ ಎತ್ತಿದರೆ ಮಾತ್ರ ಮಾತಾಡಿ. ಹೊಸಬರಿಗೆ ದಾರಿ ತೋರಿಸಿದ ಹಾಗೆ ಆಗಬಾರದು.

ತೆಲಂಗಾಣ ಗಡಿಯ ಊರುಗಳಲ್ಲಿ ಪಾಠ ಮಾಡುವವರು ಕಲಬೆರಕೆ ಸೇಂದಿಯನ್ನೂ ಸೇರಿಸಿಕೊಳ್ಳಿ. ಮರದ ಸೇಂದಿ ಅಂತ ಮಾರುವುದರಲ್ಲಿ ಸಿ.ಎಚ್. ಪುಡಿ (ಕ್ಲೋರಲ್ ಹೈಡ್ರೇಟ್, ಮಂಪರು ತರಿಸುವ ರಾಸಾಯನಿಕ) ಅಥವಾ ನಿದ್ದೆ ಮಾತ್ರೆಯ ಪುಡಿ ಕಲಸುತ್ತಾರೆ. ‘ಮರದಿಂದ ಇಳಿಸಿದ್ದು, ಏನಾಗಲ್ಲ’ ಅನ್ನೋ ಮಾತು ಅಲ್ಲಿ ಮನೆಮನೆಯಲ್ಲೂ ಇದೆ.

ಕಾನೂನಿನ ಒಂದು ವಿಷಯ ಸರಿಯಾಗಿ ಗೊತ್ತಿರಲಿ. ಶಾಲೆ ಗೋಡೆಯ ಮೇಲಿನ ಹಳೇ ಫಲಕದಲ್ಲಿ ‘18 ವರ್ಷದೊಳಗಿನವರಿಗೆ ತಂಬಾಕು ಮಾರಾಟ ನಿಷೇಧ, 100 ಗಜ’ ಅಂತ ಇರುತ್ತದೆ. ಅದು ಕೇಂದ್ರದ 2003ರ ಕೋಟ್ಪಾ ಕಾಯ್ದೆ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಈಗ ವಯಸ್ಸು 21, ದೂರ 100 ಮೀಟರ್. ಹಳೇ ಫಲಕ ನೋಡಿ ಹೇಳಿದರೆ ತಪ್ಪಾಗುತ್ತದೆ. ಇನ್ನು ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು ಆಗುವ ಅಪರಾಧ. ಇದು ಮಕ್ಕಳನ್ನು ಹೆದರಿಸಲು ಅಲ್ಲ. ಯಾಕೆ ಅಂತ ಹಂತ 5ರಲ್ಲಿ ಹೇಳ್ತೀನಿ.

ಹಂತ 3: ಮೊದಲ ಪೀರಿಯಡ್, ಚೀಟಿ ಮತ್ತು ಡಬ್ಬ

ಮೊದಲ ದಿನ ಪ್ರೊಜೆಕ್ಟರ್ ಬೇಡ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಬೀಡಿ, ಗುಟ್ಕಾ, ಕುಡಿತ, ಗಾಂಜಾ ಇವುಗಳ ಬಗ್ಗೆ ನಿಮಗೆ ಕೇಳಬೇಕು ಅನಿಸಿದ್ದು ಏನಾದರೂ ಬರೆಯಿರಿ, ಹೆಸರು ಬರೆಯಬೇಡಿ ಅನ್ನಿ.

ಇಲ್ಲೊಂದು ಸಣ್ಣ ಉಪಾಯ ಇದೆ. ಪ್ರಶ್ನೆ ಇಲ್ಲದವರು ಚೀಟಿ ಖಾಲಿ ಬಿಡುವ ಹಾಗಿಲ್ಲ, ಇವತ್ತು ಊಟಕ್ಕೆ ಏನಿತ್ತು ಅಂತ ಎರಡು ಸಾಲು ಬರೆಯಲಿ. ಆಗ ಎಲ್ಲರ ಪೆನ್ನೂ ಒಂದೇ ಹೊತ್ತು ಓಡುತ್ತಿರುತ್ತದೆ. ಯಾರು ಪ್ರಶ್ನೆ ಬರೆದರು, ಯಾರು ಬರೆಯಲಿಲ್ಲ ಅಂತ ಪಕ್ಕದವರಿಗೆ ಗೊತ್ತಾಗಲ್ಲ. ಉರ್ದು, ಮರಾಠಿ, ತೆಲುಗು ಯಾವುದರಲ್ಲಾದ್ರೂ ಬರೀರಿ ಅನ್ನಿ. ಲಂಬಾಣಿ ಮಾತನ್ನು ಕನ್ನಡ ಅಕ್ಷರದಲ್ಲೇ ಬರೀಲಿ. ಬೀದರ್ ಕಡೆ ಈ ಒಂದು ಮಾತಿಗೇ ಚೀಟಿ ದುಪ್ಪಟ್ಟು ತುಂಬುತ್ತವೆ.

ಗೂಗಲ್ ಫಾರ್ಮ್‌ನಲ್ಲಿ ಮಾಡಿದ್ರೆ ಆಗಲ್ವಾ ಅಂತ ಕೇಳ್ತೀರಿ. ಬೇಡ. ಮಗು ಅದನ್ನು ತುಂಬೋದು ಅಪ್ಪನ ಫೋನಿನಲ್ಲಿ. ಪಕ್ಕದಲ್ಲಿ ಅಣ್ಣ ಕೂತಿರ್ತಾನೆ. ಫಾರ್ಮ್ ಮಾಡುವಾಗ ಇಮೇಲ್ ಸಂಗ್ರಹದ ಆಯ್ಕೆ ಆಫ್ ಮಾಡುವುದು ಮರೆತರೆ ಯಾರು ಬರೆದರು ಅಂತಲೂ ಬಂದು ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಇಷ್ಟೆಲ್ಲ ತಲೆನೋವು ಯಾಕೆ? ಚೀಟಿ ಇದೆ.

ಮತ್ತೆ, ‘ನೀನು ಯಾವತ್ತಾದ್ರೂ ತಿಂದಿದ್ದೀಯಾ, ಸೇದಿದ್ದೀಯಾ?’ ಅಂತ ಸಮೀಕ್ಷೆ ಮಾಡಬೇಡಿ. ಪ್ರಾಜೆಕ್ಟ್‌ಗೆ ಗ್ರಾಫ್ ಬೇಕು ಅಂತ ಇದನ್ನು ಮಾಡುವವರು ಬಹಳ ಮಂದಿ. ಉತ್ತರ ಬಂದ ಮೇಲೆ ಆ ಮಗುವಿಗೆ ನೀವು ಏನು ಮಾಡಬಲ್ಲಿರಿ ಅಂತ ಗೊತ್ತಿಲ್ಲದಿದ್ದರೆ ಪ್ರಶ್ನೆ ಕೇಳುವ ಹಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಚೀಟಿಗಳನ್ನು ಮನೆಗೆ ಒಯ್ದು ಓದಿ, ಪ್ರಶ್ನೆಗಳನ್ನು ನಿಮ್ಮ ಅಕ್ಷರದಲ್ಲಿ ಬೇರೆ ಹಾಳೆಗೆ ಇಳಿಸಿ, ಮೂಲ ಚೀಟಿಗಳನ್ನು ಹರಿದು ಹಾಕಿ. ಕೈಬರಹದಿಂದ ಮಗುವನ್ನು ಗುರುತಿಸುವ ಶಿಕ್ಷಕರು ಪ್ರತಿ ಶಾಲೆಯಲ್ಲೂ ಇದ್ದಾರೆ. ಯಾರಿಗಾದರೂ ಅಪಾಯ ಇದೆ ಅಂತ ಕಾಣುವ ಚೀಟಿ ಬಂದರೆ ಮಾತ್ರ ಹರಿಯಬೇಡಿ. ಅದನ್ನು ಮುಖ್ಯಗುರುಗಳಿಗೆ ತೋರಿಸಿ, ಹಂತ 6ಕ್ಕೆ ಹೋಗಿ.

ಬರುವ ಪ್ರಶ್ನೆಗಳು ನಿಮ್ಮ ಪಾಠ ಯೋಜನೆಯನ್ನೇ ಬದಲಿಸುತ್ತವೆ. ‘ಗಾಂಜಾ ಗಿಡಾನೇ ಅಲ್ರಿ, ಆಯುರ್ವೇದದಾಗ ಇಲ್ಲೇನ್ರಿ?’ ‘ಬಿಯರ್‌ಗೂ ದಾರೂಗೂ ಏನ್ ಫರಕ್ ಅದ?’ ಇಂಥವು ಸುಲಭ. ಕಷ್ಟದ್ದು ಇದು: ‘ನಮ್ಮಪ್ಪ ದಿನಾ ಕುಡೀತಾನ್ರಿ. ಅಂವ ಕೆಟ್ಟಾವೇನ್ರಿ?’

ಈ ಪ್ರಶ್ನೆ ನಿಮಗೂ ಬರುತ್ತದೆ, ಬರೆದಿಟ್ಟುಕೊಳ್ಳಿ. ‘ಕುಡುಕರು ಸಮಾಜಕ್ಕೆ ಶತ್ರುಗಳು’ ಅಂತ ಬರೆದ ಸ್ಲೈಡ್ ಇದ್ದರೆ ಈಗಲೇ ಅಳಿಸಿ. ಉತ್ತರವನ್ನು ಇಡೀ ಕ್ಲಾಸಿಗೆ ಹೇಳಿ, ಯಾರ ಮುಖವನ್ನೂ ನೋಡದೆ. ಕುಡಿತ ಬಿಡಲಾಗದ ಸ್ಥಿತಿ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಕಾಯಿಲೆ ಬಂದವರನ್ನು ಕೆಟ್ಟವರು ಅನ್ನಲ್ಲ. ಆದರೆ ಕುಡಿದು ಹೊಡೆದರೆ ಅದು ತಪ್ಪೇ. ಮತ್ತು ಅಪ್ಪ ಕುಡಿಯುವುದು ಮಕ್ಕಳ ಕಾರಣದಿಂದ ಅಲ್ಲ. ಈ ನಾಲ್ಕು ಮಾತು ಸಾಕು, ಭಾಷಣ ಬೆಳೆಸಬೇಡಿ.

ಹಂತ 4: ತಾಂತ್ರಿಕ ತಯಾರಿ

ಎರಡನೇ ಪೀರಿಯಡ್‌ಗೆ ಪ್ರೊಜೆಕ್ಟರ್ ತನ್ನಿ. ಅದರ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂತು ಇವನ್ನು ನೋಡಿಕೊಳ್ಳಿ.

ಅಕ್ಷರ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡ್ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್, ಫೋನ್‌ಗಳೂ ಓದುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ, ಆಮೇಲೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ನಮ್ಮ ಬ್ಯಾಚಿನಲ್ಲಿ ಜಾಸ್ತಿ ಪಾಠ ಕೆಡಿಸಿದ್ದು ಇದೊಂದೇ.

ವಿಡಿಯೋ. ನೇರ ಯೂಟ್ಯೂಬ್‌ನಿಂದ ಹಾಕಬೇಡಿ. ನೆಟ್ ಕೈಕೊಡುವುದು ಒಂದು. ವಿಡಿಯೋ ಶುರುವಿಗೆ ಆನ್‌ಲೈನ್ ಜೂಜಿನದೋ ಇನ್ಯಾವುದರದೋ ಜಾಹೀರಾತು ಬರಬಹುದು. ಮುಗಿದ ಕೂಡಲೇ ತಾನಾಗಿ ಮುಂದಿನ ವಿಡಿಯೋ ಶುರುವಾಗುತ್ತದೆ, ಅದು ಏನು ಅಂತ ನಿಮ್ಮ ಕೈಯಲ್ಲಿಲ್ಲ. ಹುಡುಕುವ ಪಟ್ಟಿಯಲ್ಲಿ ‘ಗಾಂಜಾ’ ಅಂತ ಟೈಪ್ ಮಾಡಿದರೆ ಕೆಳಗೆ ಬರುವ ಸಲಹೆಗಳು ನಲವತ್ತು ಮಕ್ಕಳ ಮುಂದೆ ಬೋರ್ಡಿನಷ್ಟು ದೊಡ್ಡದಾಗಿ ಕಾಣುತ್ತವೆ. ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ತೋರಿಸಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಅಲ್ಲಿಗೇ ಹೋಗುತ್ತದೆ. ಮೆದುಳು, ನರಕೋಶದ ಚಿತ್ರಕ್ಕೆ ಅದು ಸಾಕು.

ಫೋನ್. ಫೋನಿನ ಪರದೆಯನ್ನೇ ಬೋರ್ಡಿನಲ್ಲಿ ತೋರಿಸುವುದಾದರೆ ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಪಾಠದ ಮಧ್ಯೆ ನಿಮ್ಮ ವಾಟ್ಸ್‌ಆ್ಯಪ್ ಮೆಸೇಜ್ ಬೋರ್ಡ್ ಮೇಲೆ ಬಂದು ಕೂರುತ್ತದೆ. ಮಕ್ಕಳು ಅದನ್ನು ಬೋರ್ಡ್ ಪರೀಕ್ಷೆ ಮುಗಿಯುವ ತನಕ ಮರೆಯಲ್ಲ.

ಬೆಳಕು. ನಮ್ಮ ಕಡೆಯ ಬಿಸಿಲಿಗೆ ಬೆಳಗ್ಗೆ ಹತ್ತರ ಮೇಲೆ ಗೋಡೆ ಮೇಲಿನ ಚಿತ್ರ ಕಾಣಲ್ಲ. ಕಿಟಕಿಗೆ ಹಳೇ ಬ್ಯಾನರ್ ಕಟ್ಟಿ, ಆದರೆ ಪೂರ್ತಿ ಮುಚ್ಚಬೇಡಿ, ಕರೆಂಟ್ ಹೋದರೆ ಒಳಗೆ ಕೂರಲಾಗಲ್ಲ.

ಸ್ಲೈಡ್ ಎಷ್ಟು? ಮೂರು. ಮೆದುಳಿನ ಚಿತ್ರ ಒಂದು, ಕೆಳಗೆ ಹೇಳುವ ಸಂಖ್ಯೆ ಒಂದು, ಸಹಾಯವಾಣಿ ಒಂದು. ಕೊಳೆತ ಬಾಯಿ, ಕಪ್ಪಾದ ಶ್ವಾಸಕೋಶದ ಫೋಟೋ ಬೇಡ. ಅಂಥ ಚಿತ್ರ ಪಾಕೀಟಿನ ಮೇಲೆಯೇ ಇದೆ, ಮಕ್ಕಳು ದಿನಾ ನೋಡ್ತಾರೆ. ತಾತ ಐವತ್ತು ವರ್ಷದಿಂದ ತಂಬಾಕು ತಿಕ್ಕುತ್ತಾ ಗಟ್ಟಿಯಾಗಿರುವ ಮನೆಯ ಹುಡುಗ ಆ ಫೋಟೋ ನೋಡಿ ನೀವು ಸುಳ್ಳು ಹೇಳ್ತಿದ್ದೀರಿ ಅಂತ ತೀರ್ಮಾನಿಸುತ್ತಾನೆ. ಆಮೇಲೆ ನೀವು ಹೇಳುವ ನಿಜವನ್ನೂ ಅವನು ಕೇಳಲ್ಲ.

ಎಐ ಆ್ಯಪ್‌ಗಳಿಂದ ಸ್ಲೈಡ್ ಮಾಡಿಸುವವರು ಅಂಕಿಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ. ಇಲ್ಲದ ಸಮೀಕ್ಷೆಯ ಹೆಸರು ಹೇಳಿ ಶೇಕಡಾವಾರು ಕೊಡುವುದು ಅವುಗಳಿಗೆ ಮಾಮೂಲು.

ಹಂತ 5: ಪಾಠ

ಎರಡನೇ ಪೀರಿಯಡ್ ಮೆದುಳಿನದು. ಹಸಿದಾಗ ಊಟ ಮಾಡಿದರೆ, ಕಬಡ್ಡಿಯಲ್ಲಿ ಗೆದ್ದರೆ, ಯಾರಾದರೂ ಹೊಗಳಿದರೆ ಮೆದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಹೊರಬರುತ್ತದೆ. ‘ಇದನ್ನು ಮತ್ತೆ ಮಾಡು’ ಅಂತ ಮೆದುಳಿಗೆ ಹೇಳುವುದು ಅದರ ಕೆಲಸ. ನಿಕೋಟಿನ್, ಮದ್ಯ, ಗಾಂಜಾ ಇವು ಯಾವ ಕೆಲಸವನ್ನೂ ಮಾಡಿಸದೆ ಆ ರಾಸಾಯನಿಕವನ್ನು ಜಾಸ್ತಿ ಹೊರಡಿಸುತ್ತವೆ. ಬೀಡಿ ಸೇದಿದರೆ ನಿಕೋಟಿನ್ ಮೆದುಳಿಗೆ ಮುಟ್ಟಲು 10ರಿಂದ 20 ಸೆಕೆಂಡ್ ಸಾಕು. ಹಣೆಯ ಹಿಂದಿನ ಭಾಗ, ಅಂದರೆ ‘ತಡಿ, ಯೋಚನೆ ಮಾಡು’ ಅನ್ನೋ ಭಾಗ, ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿಗೆ. ಅದಕ್ಕೇ ಹದಿನಾಲ್ಕಕ್ಕೆ ಶುರು ಮಾಡಿದವರಿಗೆ ಬಿಡುವುದು ಜಾಸ್ತಿ ಕಷ್ಟ. ಇಷ್ಟೇ ಹೇಳಿ, ಪ್ರಶ್ನೆಗೆ ಬಿಡಿ.

ಬಾಯಿಯ ಬಗ್ಗೆ ಹೇಳುವಾಗ ಮೂರು ಬೆರಳಿನ ವಿಷಯ ಬರುತ್ತದೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಇಟ್ಟರೆ, ಬಾಯಿ ಆರೋಗ್ಯವಾಗಿದ್ದವರಿಗೆ ಸಾಮಾನ್ಯವಾಗಿ ಮೂರೂ ಹಿಡಿಯುತ್ತವೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಕೆನ್ನೆಯ ಒಳಚರ್ಮ ಬಿರುಸಾಗಿ ಬಾಯಿ ತೆರೆಯುವುದು ಕಮ್ಮಿಯಾಗುತ್ತಾ ಬರುತ್ತದೆ. ಖಾರ ತಿಂದರೆ ಉರಿ. ಆಮೇಲೆ ಎರಡೇ ಬೆರಳು, ಆಮೇಲೆ ಒಂದು. ಇದನ್ನು ಕ್ಲಾಸಿನಲ್ಲಿ ‘ಎಲ್ರೂ ಮಾಡಿ ತೋರಿಸ್ರಿ’ ಅನ್ನಬೇಡಿ! ಬೆರಳು ಹಿಡಿಯದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿದಂತೆ ಆಗುತ್ತದೆ. ನೀವು ಮಾಡಿ ತೋರಿಸಿ. ಅವರು ಮನೆಯಲ್ಲಿ ಕನ್ನಡಿ ಮುಂದೆ ನೋಡಿಕೊಳ್ಳಲಿ. ಹಿಡಿಯದಿದ್ದರೆ ದಂತ ವೈದ್ಯರಿಗೆ ತೋರಿಸಬೇಕು ಅಂತ ಹೇಳಿ.

ಮೂರನೇ ಪೀರಿಯಡ್‌ಗೆ ಆ ಸಂಖ್ಯೆಯ ಸ್ಲೈಡ್. ಮೊದಲು ಕೇಳಿ: ‘13ರಿಂದ 15 ವರ್ಷದ 100 ವಿದ್ಯಾರ್ಥಿಗಳಲ್ಲಿ ಎಷ್ಟು ಜನ ತಂಬಾಕು ಬಳಸ್ತಾರೆ ಅಂತ ಅನಿಸುತ್ತೆ?’ ಐವತ್ತು, ಅರವತ್ತು ಅಂತ ಕೂಗ್ತಾರೆ. ಇಲ್ಲಿ ಪ್ಲಿಕರ್ಸ್ ಆ್ಯಪ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮಕ್ಕಳ ಕೈಗೆ ಮುದ್ರಿಸಿದ ಕಾರ್ಡ್ ಕೊಡುತ್ತೀರಿ. ಕಾರ್ಡಿನ ಯಾವ ಬದಿ ಮೇಲಿದೆ ಅನ್ನುವುದೇ ಅವರ ಉತ್ತರ. ನಿಮ್ಮ ಒಂದು ಫೋನಿನ ಕ್ಯಾಮೆರಾ ಎಲ್ಲ ಕಾರ್ಡ್ ಓದುತ್ತದೆ. ಮಕ್ಕಳಿಗೆ ಫೋನ್ ಬೇಡ, ನಿಮ್ಮ ಫೋನಿಗೆ ನೆಟ್ ಇದ್ದರೆ ಸಾಕು. ಹೆಸರು ಹಾಕಬೇಡಿ, ಸಂಖ್ಯೆ ಮಾತ್ರ.

ಆಮೇಲೆ ಸ್ಲೈಡ್ ತೋರಿಸಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ದೇಶದ ಸಂಖ್ಯೆ ಶೇ. 8.5. ಕರ್ನಾಟಕದ್ದು ಶೇ. 1.2. ಮಕ್ಕಳು ತಾವೇ ಬರೆದುಕೊಟ್ಟ ಉತ್ತರದ ಮೇಲೆ ಮಾಡಿದ ಸಮೀಕ್ಷೆ ಇದು, ಸ್ವಲ್ಪ ಮುಚ್ಚಿಟ್ಟಿರಬಹುದು. ಆದರೂ ಐವತ್ತು ಎಲ್ಲಿ, ಇದು ಎಲ್ಲಿ! ‘ಎಲ್ಲಾರೂ ತಿಂತಾರ’ ಅನ್ನೋ ನಂಬಿಕೆಯೇ ಒಬ್ಬ ಹುಡುಗನನ್ನು ಪಾನ್ ಡಬ್ಬಿಗೆ ಕರೆದೊಯ್ಯುತ್ತದೆ. ಅದನ್ನು ಮುರಿಯುವುದು ಕೊಳೆತ ಬಾಯಿಯ ಫೋಟೋಗಿಂತ ದೊಡ್ಡ ಕೆಲಸ. ನಾನು ಪ್ರೊಜೆಕ್ಟರ್ ಇಟ್ಟುಕೊಂಡಿದ್ದೇ ಈ ಒಂದು ಸ್ಲೈಡಿಗಾಗಿ ಅಂದ್ರೂ ಸರಿ.

ಇದೇ ಪೀರಿಯಡ್‌ನಲ್ಲಿ ಸಮಯ ಉಳಿದರೆ ಸುಳ್ಳು ಸುದ್ದಿಯ ಪಾಠ ಸೇರಿಸಿ. ‘ಸ್ಟ್ರಾಬೆರಿ ಚಾಕಲೇಟಿನಲ್ಲಿ ಡ್ರಗ್ಸ್ ಬೆರೆಸಿ ಶಾಲೆ ಮುಂದೆ ಮಕ್ಕಳಿಗೆ ಹಂಚುತ್ತಿದ್ದಾರೆ’ ಅನ್ನೋ ವಾಟ್ಸ್‌ಆ್ಯಪ್ ಸಂದೇಶ ಪೋಷಕರ ಗ್ರೂಪಿಗೆ ಬಂದೇ ಬಂದಿರುತ್ತದೆ. ಅದು 2007ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ವದಂತಿ. ಊರಿನ ಹೆಸರು ಬದಲಿಸಿಕೊಂಡು ಇವತ್ತಿಗೂ ತಿರುಗುತ್ತಿದೆ. ಯಾರು ಬರೆದರು, ಯಾವ ತಾರೀಖು, ಯಾವ ಆಸ್ಪತ್ರೆ ಅಂತ ಇದೆಯಾ? ಮಕ್ಕಳೇ ಹುಡುಕಲಿ.

ನಾಲ್ಕನೇ ಪೀರಿಯಡ್ ಅಭಿನಯ. ಪ್ರೊಜೆಕ್ಟರ್ ಮತ್ತೆ ಬೇಡ. ‘ಬೇಡ’ ಅನ್ನೋದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಸಬೇಕು. ‘ತಂಬಾಕು ಆರೋಗ್ಯಕ್ಕೆ ಹಾನಿಕರ ಗೆಳೆಯಾ’ ಅಂತ ಯಾವ ಹುಡುಗನೂ ಹೇಳಲ್ಲ, ಹೇಳಿದ್ರೆ ನಗ್ತಾರೆ. ಮಾತುಗಳನ್ನು ಅವರಿಂದಲೇ ತೆಗೆಸಿ. ನಮ್ಮ ಕ್ಲಾಸಿನಲ್ಲಿ ಬಂದದ್ದು ಹೀಗಿತ್ತು:

‘ತಗೋಲೇ, ಒಂದ್ ಚಿಟಿಕಿ ಹಾಕ್ಕೋ, ಏನಾಗಲ್ಲ.’
‘ಬ್ಯಾಡ್ಲೇ. ನಂಗ ತಲಿ ತಿರಗ್ತದ.’
‘ಅಂಜ್ತಿ ಏನ್?’
‘ಅಂಜಿಕಿ ಏನಿಲ್ಲ, ಹಿಡ್ಸಲ್ಲ. ನಡಿ, ಬಸ್ ಬರ್ತದ.’

ಇದರಲ್ಲಿ ಏನು ಕೆಲಸ ಮಾಡಿತು ಅಂತ ಮಕ್ಕಳನ್ನೇ ಕೇಳಿ. ಉತ್ತರ ಚಿಕ್ಕದು, ವಾದ ಇಲ್ಲ, ಮಾತು ಬೇರೆ ಕಡೆ ತಿರುಗಿತು, ಕಾಲು ಹೊರಟಿತು.

ಹುಡುಗಿಯರನ್ನು ಬರೀ ನೋಡುವವರಾಗಿ ಕೂರಿಸಬೇಡಿ. ಅವರ ಕಷ್ಟ ಬೇರೆ ಥರದ್ದು. ಮನೆಯಲ್ಲಿ ಅಪ್ಪನೋ ಕಾಕಾನೋ ರೊಕ್ಕ ಕೊಟ್ಟು ‘ಹೋಗಿ ಪಾಕೀಟು ತಗೊಂಡ್ ಬಾ’ ಅಂತಾರೆ. ‘ತರಲ್ಲ’ ಅಂತ ಹೇಳೋಕಾಗಲ್ಲ. ಇಲ್ಲಿ ಕಾನೂನು ನೆಪವಾಗಿ ಕೆಲಸಕ್ಕೆ ಬರುತ್ತದೆ: ‘ಅಪ್ಪಾ, ಸಣ್ಣೋರಿಗಿ ಕೊಟ್ರ ಅಂಗಡಿಯವಗ ದಂಡ ಬೀಳ್ತದಂತ, ಸಾಲ್ಯಾಗ ಹೇಳ್ಯಾರ.’ ತಪ್ಪು ನಮ್ಮ ಮೇಲೆ ಬಂತು, ಮಗುವಿನ ಮೇಲಲ್ಲ. ಹಂತ 2ರಲ್ಲಿ ಕಾನೂನು ಸರಿಯಾಗಿ ಕಲಿಯಿರಿ ಅಂದಿದ್ದು ಇದಕ್ಕೇ.

ಹಂತ 6: ಮಗು ಬಂದು ಹೇಳಿಕೊಂಡರೆ

ಪಾಠ ಮುಗಿದ ಮೇಲೆ ಯಾರೋ ಒಬ್ಬರು ಬಾಗಿಲ ಹತ್ತಿರ ನಿಂತಿರುತ್ತಾರೆ. ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡ್ರಿ ಸರ್’ ಅಂದರೆ ಮಾಡಬೇಡಿ. ‘ನಿನಗೆ ಅಪಾಯ ಇದೆ ಅನಿಸಿದರೆ ಒಬ್ಬರಿಗೆ ಹೇಳಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲು ತಿಳಿಸ್ತೀನಿ’ ಅನ್ನಿ. ಕೇಳಿಸಿಕೊಳ್ಳಿ. ಯಾಕೆ ಮಾಡಿದೆ, ಯಾರು ಕೊಟ್ಟರು ಅಂತ ಪೊಲೀಸ್ ವಿಚಾರಣೆ ಬೇಡ. ಆಮೇಲೆ ಹಂತ 1ರಲ್ಲಿ ಕೇಳಿಕೊಂಡಿದ್ದ ವ್ಯಕ್ತಿಗೆ ತಿಳಿಸಿ. ಸ್ಟಾಫ್ ರೂಮಿನಲ್ಲಿ ಅಲ್ಲ, ಅವರೊಬ್ಬರಿಗೇ.

ಮೂರನೇ ಸ್ಲೈಡಿನ ನಂಬರ್‌ಗಳು ಇವು. ಮಕ್ಕಳ ಸಹಾಯವಾಣಿ 1098. ವ್ಯಸನ ಬಿಡಿಸಲು ಸಲಹೆಗೆ 14446. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಮಾರುವವರ ಬಗ್ಗೆ ದೂರು ಕೊಡುವ 1933 ಕೂಡ ಇದೆ. ನಾನು ಅದನ್ನು ಮಕ್ಕಳ ಸ್ಲೈಡಿಗೆ ಹಾಕುವುದಿಲ್ಲ. ಸಣ್ಣ ಊರಿನಲ್ಲಿ ಯಾರು ದೂರು ಕೊಟ್ಟರು ಅಂತ ಗೊತ್ತಾಗಲು ಒಂದು ದಿನ ಬೇಡ. ಆ ಕೆಲಸ ದೊಡ್ಡವರದು.

ಚಿಕಿತ್ಸೆ ಅಂದ್ರೆ ಪೊಲೀಸ್ ಕೇಸ್ ಅಂತ ಪೋಷಕರು ಹೆದರುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ (ಗಾಂಜಾ, ಅಫೀಮು ಮುಂತಾದವಕ್ಕೆ ಇರುವ ಕಾನೂನು) 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಬಂದು ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಆಸ್ಪತ್ರೆಗಳಿವೆ. ಮಾನಸಿಕ ರೋಗ ವಿಭಾಗದಲ್ಲಿ ತೋರಿಸಿ ಅನ್ನಿ.

ಮಗು ಕ್ಲಾಸಿನಲ್ಲೇ ಎಚ್ಚರ ತಪ್ಪಿ ಬಿದ್ದರೆ ಮಾತಿಗೆ ಸಮಯ ಇಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ನಿಂಬೆರಸ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಹಂತ 7: ದಾಖಲೆ

ಕಾಲೇಜಿಗೆ ಪ್ರತಿಫಲನ ದಿನಚರಿ ಕೊಡಬೇಕು. ಪಾಠ ಹೇಗಾಯ್ತು, ಏನು ಬದಲಿಸಬೇಕು ಅಂತ ನಿಮಗೆ ನೀವೇ ಬರೆದುಕೊಳ್ಳುವ ವಹಿ ಅದು. ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಅಂತ ತುಂಬಿಸಬೇಡಿ. ಯಾವ ಪ್ರಶ್ನೆಗೆ ಉತ್ತರ ತಡವರಿಸಿತು, ಯಾವ ಸ್ಲೈಡಿಗೆ ಹಿಂದಿನ ಬೆಂಚು ತಲೆ ಎತ್ತಿತು, ಅದನ್ನು ಬರೆಯಿರಿ. ಮಗುವಿನ ಹೆಸರು, ಊರು, ತಾಂಡಾ, ಅಪ್ಪನ ಕೆಲಸ ಬರೆಯಬೇಡಿ. ದಿನಚರಿ ಹತ್ತು ಕೈ ದಾಟುತ್ತದೆ.

ಫೋಟೋ ಕೇಳೇ ಕೇಳ್ತಾರೆ. ಹಿಂದಿನಿಂದ ತೆಗೆಯಿರಿ, ಬೋರ್ಡ್ ಮತ್ತು ನಿಮ್ಮ ಮುಖ ಕಂಡರೆ ಸಾಕು. ಅಭಿನಯದಲ್ಲಿ ಮಾವಾ ತಿನ್ನುವ ಪಾತ್ರ ಮಾಡಿದ ಹುಡುಗನ ಫೋಟೋವನ್ನಂತೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಊರಿಗೆ ಹೋಗುವಷ್ಟರಲ್ಲಿ ಅದು ಪಾತ್ರವಾಗಿ ಉಳಿದಿರಲ್ಲ.

ಇಂಟರ್ನ್‌ಶಿಪ್ ಮುಗಿಸಿ ಹೊರಡುವ ಮುಂಚೆ ಪ್ರಶ್ನೆಗಳ ಹಾಳೆ, ಮೂರು ಸ್ಲೈಡಿನ ಪಿಡಿಎಫ್ ಇರುವ ಪೆನ್‌ಡ್ರೈವ್, ಆ ಖಾಲಿ ಡಬ್ಬ ಮೂರನ್ನೂ ರಾಯಭಾರಿ ಶಿಕ್ಷಕರ ಕೈಗೆ ಕೊಡಿ. ಡಬ್ಬವನ್ನು ಸ್ಟಾಫ್ ರೂಮಿನ ಮುಂದೆ ಇಡಬೇಡಿ ಅಂತ ಹೇಳಿ, ಅಲ್ಲಿ ಯಾರೂ ಚೀಟಿ ಹಾಕಲ್ಲ. ನೀರಿನ ನಲ್ಲಿಯ ಹತ್ತಿರ ಇಟ್ಟರೆ ಹಾಕ್ತಾರೆ.